ಕಿವಿಮಣಿಯನ್ನು ಮೇಜಿನ ಮೇಲಿಟ್ಟ ದಿನ

ನೀರೇರಿದ ಎಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು
ಗದಗ

ತರಗತಿಯಲ್ಲಿ ಮೊಬೈಲ್ ಇರಬೇಕೋ ಬೇಡವೋ ಎಂದು ವಾದಿಸುತ್ತಿರುವ ಹಿರಿಯರೇ, ಮಕ್ಕಳೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ಕಡಲು ಊರುಗಳನ್ನು ನುಂಗಿದ ವರ್ಷದಿಂದ ನಾವು ಹೊಸದಾಗಿ ಎಣಿಸತೊಡಗಿದೆವು. ಬೇಸಿಗೆ ತೀರ ಉದ್ದವಾದ್ದರಿಂದ ಅದಕ್ಕೆಂದೇ ಇನ್ನೊಂದು ತಿಂಗಳನ್ನೂ ಸೇರಿಸಿಕೊಂಡೆವು. ಹಿಂದಿನ ಕಾಲಕ್ಕೆ ಹೋಗುವ ಅಂಚೆ ನಮಗೆ ಈಚೆಗಷ್ಟೇ ದಕ್ಕಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ವಾದವನ್ನು ಹಳೆಯ ಧ್ವನಿಮುದ್ರಣಗಳಲ್ಲಿ ಕೇಳಿದೆ. ಆ ವಾದ ಇಲ್ಲೂ ನಡೆದಿತ್ತು, ನಡುವೆ ನಿಂತವಳು ನಾನೇ ಆಗಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಸಫಿಯಾ. ಹುಟ್ಟಿದ್ದು ಮಿನಿಕಾಯ್ ದ್ವೀಪದಲ್ಲಿ. ಅಲ್ಲಿಂದ ಹೊರಟ ಕೊನೆಯ ದೋಣಿಯಲ್ಲಿ ಅಪ್ಪನ ಜೊತೆ ಬಂದೆ, ಆಗ ನನಗೆ ಹನ್ನೆರಡು ವರ್ಷ. ಸರ್ಕಾರ ನಮ್ಮನ್ನು ನೀರಿನಿಂದ ಆದಷ್ಟು ದೂರ ಇರಿಸಲು ಹೋಗಿ ಗದಗಿನಲ್ಲಿ ಇಳಿಸಿತು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡು ಅಪ್ಪ ಹಡಗಿನ ಪಟಗಳೆಂದೇ ಭ್ರಮಿಸಿದ್ದ. ಇಲ್ಲಿ ಶಾಲೆಗಳು ನೆಲಮನೆಗಳಲ್ಲಿ ನಡೆಯುತ್ತವೆ. ಅಂದರೆ ಬಿಸಿಲಿಗೆ ಅಂಜಿ ಅರ್ಧ ಭೂಮಿಯೊಳಗೆ ಕಟ್ಟಿದ, ಕಲ್ಲುಗೋಡೆಯ ತಂಪು ಕೋಣೆಗಳು. ನಸುಕಿಗೆ ಪಾಠ ಶುರುವಾಗಿ ಹೊತ್ತೇರುವ ಮುನ್ನ ಮುಗಿಯುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ಕುಳಿತು ರೊಟ್ಟಿ, ಪುಂಡಿಪಲ್ಯ ತಿಂದು, ಅಲ್ಲೇ ಚಾಪೆಯ ಮೇಲೆ ಮಲಗಿ, ಬಿಸಿಲು ಇಳಿದ ಮೇಲೆ ಮನೆಗೆ ಹೋಗುತ್ತಾರೆ.

ನಿಮ್ಮ ಮೊಬೈಲಿನ ಮರಿಮೊಮ್ಮಗಳನ್ನು ನಾವು ಕಿವಿಮಣಿ ಎನ್ನುತ್ತೇವೆ. ಜೋಳದ ಕಾಳಿನಷ್ಟು ಗಾತ್ರ. ಕಿವಿಯಲ್ಲಿಟ್ಟುಕೊಂಡರೆ ಕೇಳಿದ್ದಕ್ಕೆಲ್ಲ ಪಿಸುಮಾತಿನಲ್ಲಿ ಉತ್ತರ ಹೇಳುತ್ತದೆ, ಯಾವ ಭಾಷೆಯನ್ನಾದರೂ ನಿಮ್ಮ ಭಾಷೆಗೆ ತಿರುಗಿಸುತ್ತದೆ. ನಾನು ಬರುವ ಮೊದಲು ಈ ಶಾಲೆಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲವಂತೆ. ಅಕ್ಕೋರು, ಅಂದರೆ ಶಿಕ್ಷಕಿ, ಪ್ರಶ್ನೆ ಕೇಳಿದರೆ ಇಡೀ ತರಗತಿ ಒಂದೇ ವಾಕ್ಯವನ್ನು ಒಂದೇ ಉಸಿರಿಗೆ ಹೇಳುತ್ತಿತ್ತಂತೆ, ಹೇಳಿದ್ದೇನೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲವಂತೆ. ಬೇಸತ್ತು ಶಾಲೆಕೂಟ ಅದನ್ನು ನಿಷೇಧಿಸಿತು. ಶಾಲೆಕೂಟವೆಂದರೆ ತಾಯ್ತಂದೆ, ಶಿಕ್ಷಕರು, ಮಕ್ಕಳು ಎಲ್ಲರೂ ಕೈ ಎತ್ತಿ ತೀರ್ಮಾನಿಸುವ ಸಭೆ. ಬಾಗಿಲಲ್ಲಿ ಒಂದು ಪೆಟ್ಟಿಗೆ ಬಂತು. ಮಣಿ ಅದರೊಳಗೆ, ಮಕ್ಕಳು ಕೋಣೆಯೊಳಗೆ. ಆ ನಿಷೇಧ ತಪ್ಪೆಂದು ನಾನು ಇಂದಿಗೂ ಹೇಳಲಾರೆ.

ಆದರೆ ಆಗ ನನಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಮಣಿ ತೆಗೆದ ಕ್ಷಣ ಪಾಠವೆಲ್ಲ ಬರಿಯ ಸದ್ದಾಯಿತು. ಎಲ್ಲರೂ ನಕ್ಕಾಗ ನಾನೂ ನಗುತ್ತಿದ್ದೆ, ಎಲ್ಲರೂ ಎದ್ದಾಗ ಏಳುತ್ತಿದ್ದೆ. ದ್ವೀಪದಲ್ಲಿ ತರಗತಿಗೇ ಮೊದಲಿದ್ದವಳು ಇಲ್ಲಿ ಮೂಕಿಯಾದೆ. ತಿಂಗಳೆರಡು ಕಳೆದ ಮೇಲೆ, ನನ್ನನ್ನು ಒಂದನೆಯ ತರಗತಿಯ ಚಿಕ್ಕ ಮಕ್ಕಳ ಜೊತೆ ಕೂರಿಸಬೇಕೆಂದು ಮಾತಾಯಿತು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಶರಣವ್ವ, ಗಾಳಿಯಂತ್ರ ರಿಪೇರಿಯವರ ಮಗಳು. ಮಾತಿಲ್ಲದೆಯೇ ನಾವು ಗೆಳತಿಯರಾಗಿದ್ದೆವು. ಅವಳು ಎದ್ದು ನಿಂತು ನಮ್ಮ ತರಗತಿಯ ಹಡಪದ ಅಕ್ಕೋರಿಗೆ ಹೇಳಿದಳಂತೆ: "ಅಕ್ಕೋರ, ಈಕಿ ದಡ್ಡಿ ಅಲ್ರಿ. ನಿನ್ನಿ ಲೆಕ್ಕ ನನಗ ಈಕೀನ ತೋರಿಸಿಕೊಟ್ಟಾಳ. ಈಕಿಗೆ ಮಣಿ ಕೊಡ್ರಿ."

ಮಣಿ ನಿಷೇಧಿಸಲು ಎಲ್ಲರಿಗಿಂತ ಹೆಚ್ಚು ಹೋರಾಡಿದವರೇ ಹಡಪದ ಅಕ್ಕೋರು. ಅವರು, "ನನ್ನ ಕೈಯಾಗಿಲ್ಲವ್ವ. ಕೂಟದಾಗ ಕೇಳ್ರಿ. ಆದ್ರ ನೀ ಅಲ್ಲ, ಆಕೀನ ಕೇಳ್ಲಿ," ಎಂದರಂತೆ.

ಅಂದಿನಿಂದ ಪ್ರತಿ ಸಂಜೆ ಶರಣವ್ವನ ಮನೆಯ ಕಟ್ಟೆಯ ಮೇಲೆ ನನ್ನ ಕನ್ನಡ ಶುರುವಾಯಿತು. ರೊಟ್ಟಿ, ನೀರು, ಬಾ, ಹೋಗು, ಬೇಕು, ಬ್ಯಾಡ.

ಕೂಟದ ದಿನ ನೆಲಮನೆ ಕಿಕ್ಕಿರಿದಿತ್ತು. ಕೂಟದ ಹಿರಿಯ ಮಲ್ಲನಗೌಡರು ಮೊದಲೇ ಎದ್ದು, "ಒಬ್ಬಾಕಿಗೆ ಬಿಟ್ರ ನಾಳೆ ಎಲ್ಲಾರೂ ನಮಗೂ ಬೇಕಂತಾರ. ಮತ್ತ ಅದ ಗಿಳಿಪಾಠ!" ಎಂದರು. ನನ್ನ ಮಣಿ ಅದನ್ನು ನನ್ನ ಭಾಷೆಯಲ್ಲಿ ಹೇಳಿತು. ಕೂಟದಲ್ಲಿ ಮಣಿಗೆ ಅಡ್ಡಿಯಿರಲಿಲ್ಲ. ನನ್ನ ಪರವಾಗಿ ಅದೇ ಸೊಗಸಾದ ಕನ್ನಡದಲ್ಲಿ ಮಾತಾಡಬಹುದಿತ್ತು. ನಾನು ಅದನ್ನು ಕಿವಿಯಿಂದ ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟೆ.

"ಗೌಡವ್ವರ," ಎಂದೆ.

ಇಡೀ ಕೋಣೆ ಹೊಟ್ಟೆ ಹಿಡಿದು ನಕ್ಕಿತು. ಹಿರಿಯರಿಗೆಲ್ಲ 'ಅವ್ವ' ಎಂದರೆ ಗೌರವವೆಂದು ನಾನು ತಿಳಿದಿದ್ದೆ. ಗೌಡರ ಮೀಸೆಯೂ ಅಲುಗಿತು. ನಗುವೇಕೆಂದು ನನಗೆ ತಿಳಿಯಲಿಲ್ಲ, ಆದರೂ ನಿಲ್ಲಿಸಲಿಲ್ಲ.

"ಗೌಡವ್ವರ, ಉತ್ತರಕ್ಕ ನನಗ ಮಣಿ ಬ್ಯಾಡ. ಪ್ರಶ್ನಿ ತಿಳ್ಯಾಕ ಬೇಕು. ಉತ್ತರ ನಾನ ಹೇಳ್ತೀನಿ."

ನಗು ತಟ್ಟನೆ ನಿಂತಿತು. ಹಡಪದ ಅಕ್ಕೋರು ಎದ್ದರು. "ಮಣಿ ಕಿವ್ಯಾಗ ಬ್ಯಾಡ. ಹಿಂಗ ಮೇಜಿನ ಮ್ಯಾಲ ಇರ್ಲಿ, ಎಲ್ಲಾರಿಗೂ ಕೇಳೂವಂಗ ಮಾತಾಡ್ಲಿ. ಅರ್ಥ ಹೇಳ್ಲಿ, ಉತ್ತರ ಹೇಳಬಾರದು. ಒಪ್ಪಿದವರು ಕೈ ಎತ್ರಿ," ಎಂದು ತಾವೇ ಮೊದಲು ಎತ್ತಿದರು. ಶರಣವ್ವ ಎರಡೂ ಕೈ ಎತ್ತಿದಳು. ಒಂದೊಂದಾಗಿ ಕೈಗಳು ಮೇಲೆದ್ದವು. ಕಡೆಗೆ ಗೌಡರು ಪಂಚೆ ಸರಿಪಡಿಸಿಕೊಂಡು ನಿಂತು, "ಗೌಡವ್ವಂದೂ ಒಂದು ಕೈ ಐತಿ, ಬರ್ಕೋರಿ!" ಎಂದರು. ಹಿಂದೆ ಕುಳಿತಿದ್ದ ಅಪ್ಪ ದ್ವೀಪದ ಮಾತಿನಲ್ಲಿ ಏನೋ ಕೂಗಿದ. ಯಾರಿಗೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಮೇಜಿನ ಮೇಲಿನ ಮಣಿ ದಿನವಿಡೀ ದ್ವೀಪದ ಭಾಷೆಯಾಡುತ್ತಿದ್ದುದರಿಂದ ತರಗತಿಯೂ ಅದನ್ನು ಕಲಿತುಬಿಟ್ಟಿತು. ಮಳೆಗಾಲದ ಹೊತ್ತಿಗೆ ಶರಣವ್ವ ನನ್ನ ಭಾಷೆಯಲ್ಲಿ ಜಗಳವಾಡುತ್ತಿದ್ದಳು, ನಾನು ಅವಳ ಭಾಷೆಯಲ್ಲಿ ತಿರುಗಿ ಬಯ್ಯುತ್ತಿದ್ದೆ. ವರ್ಷ ತುಂಬುವ ಮೊದಲೇ ನಾನು ಮಣಿಯನ್ನು ಅಕ್ಕೋರ ಕೈಗೆ ಕೊಟ್ಟು, "ಸಾಕ್ರಿ," ಎಂದೆ. ಆಗ ಮಾಡಿದ ನಿಯಮ ಇಂದಿಗೂ ನಡೆಯುತ್ತಿದೆ. ಕಣ್ಣು ಕಾಣದವರಿಗೆ, ಕಿವಿ ಮಂದವಾದವರಿಗೆ, ದೂರದಿಂದ ಬಂದವರಿಗೆ ಮಣಿ ಮೇಜಿನ ಮೇಲೆ. ಉಳಿದವರದ್ದು ಪೆಟ್ಟಿಗೆಯಲ್ಲಿ.

ನಿಮ್ಮಲ್ಲಿ ಒಂದೇ ಬೇಡಿಕೆ. ಮೊಬೈಲಿನ ಬಗ್ಗೆ ನೀವು ಏನನ್ನೇ ತೀರ್ಮಾನಿಸಿ, ಅದು ಯಾರಿಗೆ ತಟ್ಟುವುದೋ ಆ ಮಗುವನ್ನು ಸಭೆಗೆ ಕರೆಯಿರಿ. ತೊದಲಿದರೂ ಸರಿ, ತಪ್ಪಾಡಿದರೂ ಸರಿ, ಅದರ ಮಾತು ಮುಗಿಯುವ ತನಕ ಕಾಯಿರಿ.

ನಾನಿನ್ನು ಹೊರಡಬೇಕು. ಏಳನೆಯ ತರಗತಿಗೆ ಇಂದು ಸಂಧಿ ಪಾಠವಿದೆ. ಗದಗಿನ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುವವಳು ಈಗ ನಾನೇ.

ಇಂತಿ,
ಸಫಿಯಾ ಅಕ್ಕೋರು