ಪರವಾಗಿಲ್ಲ ಎಂದ ಮೇಲೆ

ಮಂಗಳವಾರ, ೬ ಮಾರ್ಚ್

ಎಂದಿನಂತೆ ಊಟದ ನಂತರ ಕಲಾಪ. ಎಂದಿನಂತೆ ನಿದ್ದೆ. ಫ್ಯಾನಿನ ಕೆಳಗೆ ಸೀಟು ಕೊಟ್ಟವರದೇ ತಪ್ಪು.

ಹಳ್ಳಿಗಳ ಪಶು ಆಸ್ಪತ್ರೆ ಮುಚ್ಚಿ, ಅದರ ಬದಲು ಫೋನ್ ಸಹಾಯವಾಣಿ ಕೊಡುವ ಮಸೂದೆ. ನಮ್ಮ ಸರ್ಕಾರದ್ದೇ. ಒಬ್ಬೊಬ್ಬರನ್ನೇ ಎಬ್ಬಿಸಿ ಪರವೋ ವಿರುದ್ಧವೋ ಎಂದು ಕೇಳುತ್ತಿದ್ದರು. ಪಕ್ಕದ ಸೀಟಿನವನು, ನಾವು 'ಗೊರಕೆ' ಎಂದು ಕರೆಯುವವನು, ಮೊಣಕೈಯಿಂದ ತಿವಿದ. ಅವನೂ ನನ್ನ ಹಾಗೇ ಹಳ್ಳಿಯವನು, ನನ್ನ ಹಾಗೇ ಮೂರು ಸಲ ಗೆದ್ದು ಬಾಯಿ ಬಿಡದವನು. ಗಡಬಡಿಸಿ ಎದ್ದೆ. ಬಾಯಿಗೆ ಬಂದದ್ದು ಅದೇ ಹಳೇ ಮಾತು—"ಪರವಾಗಿಲ್ಲ."

ಸರಿ, ಆಗಲಿ, ಅಡ್ಡಿಯಿಲ್ಲ ಎನ್ನುವ ಅರ್ಥದಲ್ಲಿ ಅಂದೆ. ಗುಮಾಸ್ತ 'ಪರವಾಗಿ ಇಲ್ಲ' ಎಂದು ಬರೆದುಕೊಂಡ. ವಿರುದ್ಧ! ಮಸೂದೆ ಒಂದೇ ಮತದಿಂದ ಬಿತ್ತು. ವಿರೋಧ ಪಕ್ಷದವರು ಮೇಜು ಕುಟ್ಟಿದರು. ಯಾಕೆಂದು ತಿಳಿಯದೆ ನಾನೂ ಕುಟ್ಟಿದೆ.

ಅದೇ ದಿನ, ಸಂಜೆ ೭

ಮುಖ್ಯ ಸಚೇತಕ ರೂಮಿಗೇ ಬಂದ. ನಾವೆಲ್ಲ ಅವನಿಗೆ 'ಚಾಟಿ' ಎನ್ನುವುದು. ಕೂರಲೂ ಇಲ್ಲ.

"ಯಾವಾಗಿಂದ ಆ ಕಡೆ ಸೇರ್ಕೊಂಡ್ರಿ?"

"ನಿದ್ದೆಗಣ್ಣಲ್ಲಿ ಅಂದೆ ಕಣಯ್ಯಾ!"

"ಹಾಗಂತ ಸದನದಲ್ಲೇ ಹೇಳಿ. ಮಸೂದೇನ ಸ್ವಲ್ಪ ತಿದ್ದಿ ಇಪ್ಪತ್ತೆಂಟಕ್ಕೆ ಮತ್ತೆ ತರ್ತೀವಿ. ಬಾಯಿತಪ್ಪಿ ಆಯ್ತು, ನಾನು ಪರ ಅಂತ ಎದ್ದು ನಿಂತು ಹೇಳಿ. ಮುಂದಿನ ಸಲಾನೂ ಟಿಕೆಟ್ ನಿಮ್ದೇ. ಇಲ್ಲಾಂದ್ರೆ ಹಸು ಕಾಯ್ಕೊಂಡಿರಿ."

ಒಪ್ಪಿದೆ. ಬಾಯಿತಪ್ಪಿದ್ದು ನಿಜವೇ ತಾನೆ.

ಶುಕ್ರವಾರ, ೯ ಮಾರ್ಚ್

ಊರು. ಬಸ್ಸಿನಿಂದ ಇಳಿಯುವುದೇ ತಡ, ಹಾಲಿನ ಸಂಘದ ಕಾರ್ಯದರ್ಶಿ ತಬ್ಬಿಕೊಂಡ. "ಹುಲಿ ಕಣ್ರೀ ನೀವು! ನಾವೇ ಸುಮ್ನೆ ಬೆಕ್ಕು ಅಂದ್ಕೊಂಡಿದ್ವಿ." ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದವರೆಲ್ಲ ಕೈ ಕುಲುಕಿದರು. ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ, ಇದನ್ನು ಓದುವವರು ಯಾರಿದ್ದಾರೆ.

ದನದ ಡಾಕ್ಟರಮ್ಮನೂ ಬಂದಳು. ಪ್ಯಾಂಟು, ಮೊಣಕಾಲುದ್ದ ಬೂಟು. ಹೆಣ್ಣುಮಕ್ಕಳ ಪ್ಯಾಂಟು ನನಗೆ ಇಂದಿಗೂ ಸರಿಬರುವುದಿಲ್ಲ. ಅವಳ ಎದುರಿಗೇ ಹೇಳಿಯೂ ಇದ್ದೇನೆ. ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡ ಹಾಗೆ ಕಾಣಲಿಲ್ಲ.

"ಥ್ಯಾಂಕ್ಸ್ ಸಾರ್. ಎತ್ತಂಗಡಿ ಗ್ಯಾರಂಟಿ ಅಂತ ಪಾತ್ರೆಗೀತ್ರೆ ಎಲ್ಲ ಕಟ್ಟಿಟ್ಟಿದ್ದೆ. ನಿನ್ನೆ ಬಿಚ್ಚಿದೆ."

ಅವಳ ಮುಖ ನೋಡಲಾಗಲಿಲ್ಲ.

ಮನೆಯಾಕೆಗೆ ನಿಜ ಹೇಳಿದೆ. ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. "ಮದುವೆಯಾದಾಗಿಂದ ಇದೇ ಆಯ್ತು. ಉಪ್ಪು ಜಾಸ್ತಿಯಾದ್ರೂ ಪರವಾಗಿಲ್ಲ, ಸೂರು ಸೋರಿದ್ರೂ ಪರವಾಗಿಲ್ಲ. ಒಂದ್ಸಲನಾದ್ರೂ ಸರಿಯಾದ ಜಾಗದಲ್ಲಿ ಬಿತ್ತಲ್ಲ, ಪುಣ್ಯಾತ್ಮ!"

"ಇಪ್ಪತ್ತೆಂಟಕ್ಕೆ ವಾಪಸ್ ತಗೋಬೇಕು ಕಣೇ."

ನಗು ನಿಂತಿತು. ಊಟ ಬಡಿಸಿದಳು. ಮಾತು ಬಡಿಸಲಿಲ್ಲ.

ಭಾನುವಾರ, ೧೮ ಮಾರ್ಚ್

ಚಾಟಿಯ ಫೋನು ದಿನಾ. ನಾನು ಓದಬೇಕಾದ ಹೇಳಿಕೆಯನ್ನು ಟೈಪ್ ಮಾಡಿಸಿ ಕಳಿಸಿದ್ದಾನೆ. ಕನ್ನಡಿ ಮುಂದೆ ನಿಂತು ಓದಿದೆ. 'ಕಾಲಕ್ಕೆ ತಕ್ಕ ಬದಲಾವಣೆ'ಯಂತೆ! ಮೂರು ಚುನಾವಣೆಯಲ್ಲೂ ನನ್ನ ಘೋಷಣೆ ಒಂದೇ— ಇದ್ದದ್ದು ಇದ್ದ ಹಾಗೇ ಇರಲಿ. ಮೊಬೈಲ್ ಟವರ್ ಬೇಡ ಎಂದವನು. ಶಾಲೆಯ ಗೋಡೆಗೆ ಹಸಿರು ಬಣ್ಣ ಬೇಡ, ಸುಣ್ಣವೇ ಸಾಕು ಎಂದು ಜಗಳ ಆಡಿದವನು. ಈಗ ಹಸುವಿಗೆ ಫೋನು ಬೇಕು ಎಂದು ಓದಬೇಕು... ಇನ್ನೊಂದು ಅವಧಿ ಸಿಕ್ಕರೆ ಊರಿಗೆ ಏನಾದರೂ ಮಾಡಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಹಿಂದಿನ ಮೂರರಲ್ಲಿ ಏನು ಕಡಿದು ಕಟ್ಟೆ ಹಾಕಿದೆ ಎಂದು ಕೇಳಬೇಕಾದ ಮನೆಯಾಕೆ ಇನ್ನೂ ಮಾತು ಬಿಟ್ಟೇ ಇದ್ದಾಳೆ.

ಗುರುವಾರ, ೨೨ ಮಾರ್ಚ್, ಬೆಳಿಗ್ಗೆ ೧೧

ಕೈ ತೊಳೆದದ್ದೇ ಬರೆಯಲು ಕೂತೆ. ಅಕ್ಷರ ಸೊಟ್ಟಗೆ.

ಮೊನ್ನೆ ಕರು ಹಾಕಿದ ಕೆಂದ ಹಸು ಬೆಳಿಗ್ಗೆ ಏಳಲೇ ಇಲ್ಲ. ಕಿವಿ ತಣ್ಣಗೆ. ಕತ್ತು ತಿರುಗಿಸಿ ಪಕ್ಕೆಗೆ ಒರಗಿಸಿಕೊಂಡು ಬಿದ್ದಿತ್ತು. ಮನೆಯಾಕೆ ಅದರ ಪಕ್ಕದಲ್ಲೇ ಕೂತು ಬಿಕ್ಕುತ್ತಿದ್ದಳು. ಸಹಾಯವಾಣಿ ನಮ್ಮ ಭಾಗದಲ್ಲಿ ಆಗಲೇ ಪ್ರಯೋಗಕ್ಕೆ ಶುರುವಾಗಿದೆಯಲ್ಲ— ಡಾಕ್ಟರಮ್ಮನನ್ನು ಕರೆಯಲು ಮುಖವಿಲ್ಲದೆ ಅದಕ್ಕೇ ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ. ಕೊನೆಗೊಂದು ಹುಡುಗಿಯ ದನಿ.

"ಸಾರ್, ಹಸು ನಿಂತಿರೋ ಹಾಗೆ ಒಂದು ಫೋಟೊ ಕಳಿಸಿ."

"ಅದು ನಿಲ್ತಿಲ್ಲ ಅಂತಲೇ ತಾಯಿ ಫೋನ್ ಮಾಡಿದ್ದು!"

"ಹಾಗಾದ್ರೆ ನಿಂತ ಮೇಲೆ ಕಳಿಸಿ ಸಾರ್."

ಮನೆಯಾಕೆ ಫೋನು ಕಿತ್ತುಕೊಂಡು ಡಾಕ್ಟರಮ್ಮನಿಗೆ ಮಾಡಿದಳು. ಸ್ಕೂಟರಿನಲ್ಲಿ ಬಂದವಳೇ ಸಗಣಿಯಲ್ಲೇ ಮಂಡಿಯೂರಿದಳು. ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಇಳಿದುಹೋಗಿದೆ, ತಡವಾದರೆ ಉಳಿಯುವುದಿಲ್ಲ ಎಂದಳು. ಕತ್ತಿನ ನರಕ್ಕೆ ಸೂಜಿ ಚುಚ್ಚಿ ಬಾಟಲಿ ನನ್ನ ಕೈಗೆ ಕೊಟ್ಟಳು.

"ಇಷ್ಟೇ ಎತ್ತರ ಹಿಡೀರಿ ಸಾರ್. ಮೇಲೆತ್ತಿದ್ರೆ ಔಷಧಿ ಜೋರಾಗಿ ಇಳಿಯುತ್ತೆ, ಹೃದಯ ನಿಂತ್ಬಿಡುತ್ತೆ."

ಜೀವಮಾನದಲ್ಲಿ ಇಷ್ಟು ಹುಷಾರಾಗಿ ಯಾವುದನ್ನೂ ಹಿಡಿದಿಲ್ಲ. ಅವಳು ಅದರ ಎದೆಗೆ ಕಿವಿಗೊಟ್ಟು, "ಇಳಿಸಿ... ಹಾಂ... ಸ್ವಲ್ಪ ಎತ್ತಿ" ಎನ್ನುತ್ತಿದ್ದಳು. ಸೊಂಟದವರೆಗೂ ಸಗಣಿ. ಪ್ಯಾಂಟಿನ ವಿಷಯ ಇನ್ನೊಮ್ಮೆ ಯೋಚಿಸಬೇಕು.

ಬಾಟಲಿ ಮುಗಿಯಿತು. ಹಸು ಮೈ ನಡುಗಿಸಿತು. ದೊಡ್ಡದಾಗಿ ತೇಗಿತು. ಆಮೇಲೆ ಹಿಂಗಾಲು ಊರಿ, ತಡವರಿಸಿ, ಎದ್ದೇ ಬಿಟ್ಟಿತು! ಮನೆಯಾಕೆ ಅದರ ಕತ್ತಿಗೆ ಮುಖ ಒತ್ತಿಕೊಂಡಳು. ನನಗೂ ಅಳು ಬಂತು. ಸುಮ್ಮನೆ ನಿಂತು ಅತ್ತೆ.

ಅದೇ ದಿನ, ಮಧ್ಯಾಹ್ನ

ಮನಸ್ಸು ಬದಲಾಗುವ ಮೊದಲೇ ಚಾಟಿಗೆ ಫೋನ್ ಮಾಡಿದೆ.

"ಆ ಹೇಳಿಕೆ ನಾನು ಓದಲ್ಲ."

"ನಿದ್ದೆಗಣ್ಣಲ್ಲಿ ಅಂದೆ ಅಂದ್ರಲ್ಲ?"

"ಹೌದು. ಈಗ ಎಚ್ಚರ ಆಗಿದೆ."

"ಟಿಕೆಟ್ ಸಿಗಲ್ಲ, ಗೊತ್ತಲ್ಲ?"

"ಪರವಾಗಿಲ್ಲ."

ಪಾಪ, "ಯಾವ ಅರ್ಥದಲ್ಲಿ?" ಎಂದ.

ಬಾಗಿಲ ಹಿಂದೆ ಕಿವಿಗೊಟ್ಟಿದ್ದ ಮನೆಯಾಕೆ ಕೇಳದೆಯೇ ಚಹಾ ತಂದಿಟ್ಟಳು. ಮಾತೂ ಬಂತು, ಎರಡು ವಾರದ್ದು ಒಟ್ಟಿಗೆ.

ಬುಧವಾರ, ೨೮ ಮಾರ್ಚ್, ಸದನ, ೩:೧೫

ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಎಬ್ಬಿಸಿ ಕೇಳುವುದು ಶುರುವಾಗಿದೆ. ಪರ, ಪರ, ಪರ... ಹೋದ ಸಲ ಬಾರದಿದ್ದ ನಾಲ್ವರನ್ನೂ ಚಾಟಿ ಎಳೆತಂದಿದ್ದಾನೆ. ನಾನೊಬ್ಬ ವಿರುದ್ಧ ಎಂದರೆ ಸಾಲದು. ಆಸ್ಪತ್ರೆಯೂ ಹೋಗುತ್ತದೆ, ಸೀಟೂ ಹೋಗುತ್ತದೆ. ಆದರೂ ಅಂದೇ ತೀರುತ್ತೇನೆ.

ಆಶ್ಚರ್ಯ— ಗೊರಕೆ ಎಚ್ಚರವಾಗಿದ್ದಾನೆ. ಹಸು ಬಿದ್ದದ್ದನ್ನು ಅಂದೇ ಅವನಿಗೆ ಫೋನಿನಲ್ಲಿ ಹೇಳಿದ್ದೆ.

"ನಿನ್ನ ಹಸು ಹೇಗಿದೆಯೋ?"

"ಎದ್ದಿದೆ. ಹಾಲೂ ಕೊಡ್ತಿದೆ."

"ನಮ್ಮ ಕಡೇನೂ ಹಸು ಇದಾವೆ ಕಣಯ್ಯಾ."

"ಇರೋದೇ ಅವು. ನಿನಗೆ ಓಟು ಹಾಕಿದ್ದು ಅವೇ ಇರಬೇಕು."

ನಗಲಿಲ್ಲ. ಅವನನ್ನು ಕರೆದರು. ಎದ್ದ. ಮೈಕು ಸರಿಮಾಡಿಕೊಂಡ. ಸ್ಪಷ್ಟವಾಗಿ ಹೇಳಿದ—"ವಿರುದ್ಧ."

ದೇವರೇ! ಇಡೀ ಸದನ ಈ ಕಡೆ ತಿರುಗಿತು. ಚಾಟಿ ಎದ್ದು ನಿಂತಿದ್ದಾನೆ. ಹಿಂದಿನ ಸಾಲಿನಲ್ಲಿ ಯಾರೋ, ನಮ್ಮವರೇ, ಕೈ ಎತ್ತಿ, "ಸಭಾಧ್ಯಕ್ಷರೇ, ನಾನು ಆಗ್ಲೇ ಬಾಯಿತಪ್ಪಿ ಪರ ಅಂದ್ಬಿಟ್ಟೆ, ದಯವಿಟ್ಟು ತಿದ್ಕೊಳ್ಳಿ" ಎನ್ನುತ್ತಿದ್ದಾರೆ. ಗದ್ದಲ. ಗಂಟೆ ಬಾರಿಸುತ್ತಿದ್ದಾರೆ. ಲೆಕ್ಕ... ಈಗ ಒಂದೇ ಒಂದು ಮತ ಸಾಕು, ಅದು ನಂದೇ

ಕರೆದರು. ಎದ್ದು