ಟಿಕೆಟ್ ಹರಿಯುವ ಮೊದಲು

ಸೊರಬ, ೧೯೭೬

ರೀ,

ಸಲಾಂ. ನಿಮ್ಮ ಹೆಸರನ್ನು ಲಕೋಟೆಯ ಮೇಲೆ ಬರೆದಿದ್ದೇನೆ, ಒಳಗೆ ಬರೆಯಲು ಇನ್ನೂ ನಾಚಿಕೆ. ಅಮ್ಮಿಯ ಜ್ವರ ಇಳಿದಿದೆ. ಗಂಜಿ ಸಾಕು, ಅನ್ನ ಹಾಕು ಎಂದು ಗದರುವಷ್ಟು ಶಕ್ತಿ ಬಂದಿದೆ. ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಉರ್ದುವಿನಲ್ಲಿ ಬರೆದರೆ ನಿಮಗಿಂತ ಮೊದಲು ಅತ್ತೆ ಓದಿಬಿಡುತ್ತಾರೆ.

ನಿನ್ನೆ ನಿಮ್ಮ ಡ್ರೈವರ್ ಗುತ್ಯಪ್ಪನವರು ಬಾಗಿಲಿಗೆ ಬಂದು ನಿಮ್ಮ ಮಾತು ಮುಟ್ಟಿಸಿದರು. "ನನ್ ಬಸ್ಸು ತಪ್ಪಿಸ್ಕಂಡು ಯಾವ ಬಸ್ಸಿಗೆ ಹೋದ್ಲು, ಕೇಳ್ಕಂಡು ಬಾ ಅಂದ್ರು ಕಣಮ್ಮ ನಿಮ್ ಯಜಮಾನ್ರು" ಎಂದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮೊದಲು ನಗು ಬಂತು. ಅವರು ಹೋದ ಮೇಲೆ ಅಳು ಬಂತು.

ನಾನು ಬಂದದ್ದು ನಿಮ್ಮ ಬಸ್ಸಿಗೇ ರೀ.

ಅಮ್ಮಿಗೆ ಹುಷಾರಿಲ್ಲವೆಂದು ಸುದ್ದಿ ಬಂದಾಗ ನೀವು ಡ್ಯೂಟಿಗೆ ಹೋಗಿಯಾಗಿತ್ತು. ಗಂಡನೇ ಕಂಡಕ್ಟರ್ ಆಗಿರುವಾಗ ಜೊತೆಗೆ ಇನ್ಯಾರು ಬೇಕು, ಹೊರಡು ಎಂದರು ಅತ್ತೆ. ನನ್ನ ಬುರ್ಖಾ ಒಗೆಯಲು ನೆನೆಹಾಕಿದ್ದೆ. ಪಕ್ಕದ ಮನೆಯ ಚಾಂದ್ ಬೀಯದನ್ನು ಕೇಳಿ ಹಾಕಿಕೊಂಡು ಶಿಕಾರಿಪುರದ ಸ್ಟ್ಯಾಂಡಿಗೆ ಓಡಿದೆ. ಹೆಂಗಸರ ಸೀಟಿನಲ್ಲಿ ಕೂತೆ. ನೀವು ಬಂದು "ಎಲ್ಲಿಗಮ್ಮಾ?" ಎಂದಿರಿ.

ಜನರೆದುರು ತಮಾಷೆ ಮಾಡುತ್ತಿದ್ದೀರಿ ಎಂದುಕೊಂಡೆ. "ಸೊರಬ" ಎಂದೆ. ಟಿಕೆಟ್ ಹರಿದು ಕೈಗಿಟ್ಟಿರಿ, ಚಿಲ್ಲರೆಯನ್ನು ಅಂಗೈಗೆ ಹಾಕಿ ಹಿಂದಿನ ಸಾಲಿಗೆ ಹೋದಿರಿ. ಹೋದ ಈದ್‌ಗೆ ನೀವೇ ತಂದುಕೊಟ್ಟ ಹಸಿರು ಬಳೆಗಳು ಅದೇ ಕೈಯಲ್ಲಿದ್ದವು. ಬುರ್ಖಾ ಚಾಂದ್ ಬೀಯದು, ಮುಖ ಕಾಣುತ್ತಿರಲಿಲ್ಲ, ಒಪ್ಪಿದೆ. ದನಿ ನನ್ನದೇ ಇತ್ತಲ್ಲ. ಈಗ ತಿರುಗುತ್ತಾರೆ, ಈಗ ನಗುತ್ತಾರೆ ಎಂದು ಕಾಯುತ್ತಲೇ ಇದ್ದೆ. ನಾನೇ ಕರೆದು ಹೇಳಬಹುದಿತ್ತು. ಆದರೆ ನಾನು ನಿಮ್ಮ ಹೆಂಡತಿ ಎಂದು ನಿಮಗೇ ಪರಿಚಯ ಹೇಳಿಕೊಳ್ಳಲು ಮನಸ್ಸು ಬರಲಿಲ್ಲ.

ಒಂದು ಲಾಭವೂ ಆಯಿತು. ಆ ದಾರಿಯುದ್ದಕ್ಕೂ ನಿಮ್ಮನ್ನು ಕಣ್ತುಂಬ ನೋಡಿದೆ. ಬಳ್ಳಿಗಾವಿ ಕ್ರಾಸಿನಲ್ಲಿ ಹಾಲಮ್ಮ ಎಂಬ ಅಜ್ಜಿಯ ಗಂಟನ್ನು ನೀವೇ ಇಳಿಸಿಕೊಟ್ಟಿರಿ. "ಮಂಡಿನೋವು ಹೆಂಗೈತಜ್ಜಿ? ಎಣ್ಣೆ ಹಚ್ಕೋತಿದೀಯೋ ಇಲ್ವೋ?" ಎಂದು ಕೇಳಿದಿರಿ. "ಹಚ್ತಿದೀನಪ್ಪ, ನೀನಾರ ಕೇಳ್ತಿ, ನನ್ ಮಗ ಕೇಳಂಗಿಲ್ಲ" ಎಂದಳು ಆಕೆ. ಬಸ್ಸೆಲ್ಲ ನಕ್ಕಿತು, ನೀವೂ ನಕ್ಕಿರಿ. ನಕ್ಕರೆ ನಿಮ್ಮ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಆ ಕಂಡಕ್ಟರ್ ನನಗೆ ಬಹಳ ಇಷ್ಟವಾದ. ಅವನು ಒಂದು ದಿನ ನಮ್ಮ ಮನೆಗೂ ಬರಬಾರದೇ ಎನಿಸಿತು.

ಮನೆಗೆ ಬರುವ ಹೊತ್ತಿಗೆ ನಿಮ್ಮ ಗಂಟಲು ಬಿದ್ದಿರುತ್ತದೆ, ಕಾಲು ಊದಿರುತ್ತದೆ. ನನಗೆ ಗೊತ್ತಿಲ್ಲವೇ, ಬಿಸಿನೀರು ಕಾಯಿಸುವವಳು ನಾನೇ. ಶಿರಾಳಕೊಪ್ಪದಿಂದ ಮೆಣಸಿನಕಾಯಿ ಬೋಂಡಾ ತಂದ ದಿನವೂ ಪೊಟ್ಟಣವನ್ನು ಗೂಡಿನಲ್ಲಿಟ್ಟು ಸುಮ್ಮನೆ ಮಲಗಿಬಿಡುತ್ತೀರಿ. ನನಗೆಂದು ತಂದದ್ದೋ, ನೀವು ತಿಂದು ಉಳಿದದ್ದೋ ತಿಳಿಯದೆ ಆರಿದ ಬೋಂಡಾ ತಿನ್ನುತ್ತೇನೆ. ನಿಮ್ಮಂಥ ಒಳ್ಳೆಯ ಮನುಷ್ಯರು ಕಡಿಮೆ ರೀ. ಆದರೂ ನಿಮ್ಮ ಪಕ್ಕದಲ್ಲಿ ಮಲಗಿರುವಾಗಲೇ ನನಗೆ ಯಾರೂ ಇಲ್ಲ ಎನಿಸುತ್ತದೆ. ಹಾಲಮ್ಮನ ಮಂಡಿಯನ್ನು ಕಂಡು ಹೊಟ್ಟೆ ಉರಿಯಿತು ಎಂದರೆ ನಗಬೇಡಿ.

ಸೊರಬ ಬಂದಾಗ "ಬೇಗ ಇಳೀರಮ್ಮ, ಟೈಮಾತು" ಎಂದಿರಿ. ಇಳಿದೆ.

ಬರುವ ಭಾನುವಾರ ವಾಪಸು ಹೊರಡುತ್ತೇನೆ. ನಿಮ್ಮ ಬಸ್ಸಿಗೇ, ಚಾಂದ್ ಬೀಯ ಬುರ್ಖಾದಲ್ಲೇ. ನಮ್ಮ ಓಣಿಯ ಮದುವೆಗೆ ಬಂದವರೂ ಅವತ್ತೇ ಶಿಕಾರಿಪುರಕ್ಕೆ ಹಿಂದಿರುಗುತ್ತಾರೆ, ಮುಂದಿನ ಸೀಟುಗಳೆಲ್ಲ ಬುರ್ಖಾಗಳೇ. ಗಾಬರಿಯಲ್ಲಿ ಸಿಕ್ಕವರನ್ನೆಲ್ಲ ಜೈಬೂ ಎಂದು ಕರೆದು ಏಟು ತಿನ್ನಬೇಡಿ. ಬಳೆ ನೋಡಿ ಹುಡುಕೋಣ ಎಂದುಕೊಳ್ಳಲೂಬೇಡಿ, ಅಂಥ ಬಳೆ ಮದುವೆ ಮನೆಯಲ್ಲಿ ಎಲ್ಲರಿಗೂ ತೊಡಿಸಿದ್ದಾರೆ. ನಾನು ಬಾಯಿ ಬಿಡುವುದಿಲ್ಲ. ಎಲ್ಲರಂತೆ ಕೈ ಚಾಚುತ್ತೇನೆ. ಟಿಕೆಟ್ ಹರಿಯುವ ಮೊದಲು ಆ ಕೈಯನ್ನು ಒಮ್ಮೆ ನೋಡಿ.

ಗೊತ್ತಾಗದಿದ್ದರೆ ಜಗಳವಾಡುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಅಮ್ಮಿಯ ಮನೆಗೆ ನಡೆದುಬಿಡುತ್ತೇನೆ. ಆಮೇಲೆ ಗುತ್ಯಪ್ಪನವರ ಕೈಯಲ್ಲಿ ಹೇಳಿಕಳಿಸಿದರೆ ನಾನು ಬರುವವಳಲ್ಲ.

ಗೊತ್ತಾದರೆ ಜನರೆದುರು ಹೆಸರು ಹಿಡಿದು ಕರೆಯುವುದೂ ಬೇಡ. ಮಂಡಿನೋವು ಹೇಗಿದೆ ಎಂದು ಕೇಳಿ, ಸಾಕು. ನನಗೆ ಮಂಡಿನೋವಿಲ್ಲ. ಆದರೂ ಕೇಳಿ.

ನಿಮ್ಮ ಗಂಟಲನ್ನು ಅಲ್ಲಾಹು ಚೆನ್ನಾಗಿಟ್ಟಿರಲಿ, ಮನೆಗೂ ಒಂದಿಷ್ಟು ದನಿ ಉಳಿಯಲಿ.

ಇಂತಿ,
ಮುಂದಿನ ಸೀಟಿನ ಹೆಂಗಸು,
ನಿಮ್ಮ ಜೈಬುನ್ನೀಸಾ