ಕೆಂಪಾದ ಉಂಗುರ

ಸೋಮವಾರ, ಊಟದ ಬಿಡುವು

ರೀ,

ಹೀಗೆ ಕರೆದು ತುಂಬಾ ದಿನವಾಯಿತು. ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಅದನ್ನೇ ಬರೆದಿದ್ದೇನೆ. ಊಟ ಮಾಡುತ್ತಿದ್ದೇನೆ, ನಿದ್ದೆ ಬರುತ್ತಿದೆ, ಲ್ಯಾಬಿಗೆ ಹೋಗಿ ಬರುತ್ತಿದ್ದೇನೆ. ಅದನ್ನೇ ಕ್ಷೇಮ ಅಂದುಕೊಳ್ಳಿ.

ಹೋದ ವಾರ ಅತ್ತೆ ಫೋನ್ ಮಾಡಿದ್ದರು. ಮಗುವಿಗೆಂದು ಹುಟ್ಟುವ ಮೊದಲೇ ನೀವು ಮಾಡಿಟ್ಟಿದ್ದ ಉಂಗುರ ನನ್ನ ಬಳಿ ಇದ್ದರೆ ಕಳಿಸಬೇಕಂತೆ. "ಕಣ್ಣಿಗೆ ಬೀಳ್ತಾ ಇದ್ರೆ ಸಂಕಟ ಅಲ್ವೇನಮ್ಮಾ, ಅವನು ಕರಗಿಸಿ ಯಾವುದಕ್ಕಾದ್ರೂ ಸೇರಿಸಿಬಿಡ್ತಾನೆ" ಅಂದರು. ಅವರ ಮೇಲೆ ಸಿಟ್ಟಿಲ್ಲ. ನಾನು ಹೂಂ ಅಂದೆ. ಆದರೆ ಕಳಿಸಲಾರೆ. ಅದೀಗ ಉಂಗುರವಾಗಿ ಉಳಿದಿಲ್ಲ.

ಮಾರಲಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನನ್ನ ಕೆಲಸ ಏನೆಂದು ನೀವು ಯಾವತ್ತೂ ಸರಿಯಾಗಿ ಕೇಳಲಿಲ್ಲ. ಚಿನ್ನದ ಕೆಲಸ ಅಂದರೆ ನಗುತ್ತಿದ್ದಿರಿ, "ನಮ್ಮನೇಲಿ ಇಬ್ಬರು ಅಕ್ಕಸಾಲಿಗರು, ಒಬ್ಬರ ಮೈಮೇಲೂ ಒಡವೆ ಇಲ್ಲ" ಅಂತ. ಲ್ಯಾಬಿನಲ್ಲಿ ನಾವು ಚಿನ್ನವನ್ನು ದ್ರಾವಕದಲ್ಲಿ ಕರಗಿಸಿ, ತುಂಬಾ ನೀರು ಬೆರೆಸಿ, ಕುದಿಸಿ, ನಿಂಬೆಹುಳಿಯಿಂದ ಮಾಡಿದ ಒಂದು ಬಗೆಯ ಉಪ್ಪು ಹಾಕುತ್ತೇವೆ. ಹಳದಿ ನೀರು ತಿಳಿಯಾಗುತ್ತದೆ, ಮಸಿಯ ಹಾಗೆ ಕಪ್ಪಾಗುತ್ತದೆ, ಆಮೇಲೆ ದಾಳಿಂಬೆ ರಸದಂತೆ ಕೆಂಪಾಗಿ ನಿಲ್ಲುತ್ತದೆ. ಬಣ್ಣ ಬೆರೆಸಿದ್ದಲ್ಲ, ಅದು ಚಿನ್ನವೇ. ಕಣಗಳು ಎಷ್ಟು ಸಣ್ಣವೆಂದರೆ ಒಂದು ಕೂದಲಿನ ಅಗಲದಲ್ಲಿ ಸಾವಿರಾರು ಸಾಲಾಗಿ ಕೂರುತ್ತವೆ. ಅಷ್ಟು ಸಣ್ಣದಾದರೆ ಚಿನ್ನ ಹಳದಿಯಾಗಿರುವುದಿಲ್ಲ. ಸ್ವಲ್ಪ ದಪ್ಪವಾದರೆ ನೇರಳೆಗೆ ತಿರುಗುತ್ತದೆ. ಕೆಂಪಿಗಿಂತಲೂ ಸಣ್ಣ ಕಣಗಳಿವೆ, ಅವು ನಿಮ್ಮ ಕುಲುಮೆಯ ಅರ್ಧ ಶಾಖಕ್ಕೇ ಕರಗಿಹೋಗುತ್ತವೆ. "ಎಷ್ಟು ಒಡೆದ್ರೂ ಚಿನ್ನ ಚಿನ್ನಾನೇ" ಎಂದು ನೀವು ಹೇಳುತ್ತಿದ್ದಿರಿ. ಹೌದು, ಚಿನ್ನವೇ. ಆದರೆ ನಡವಳಿಕೆ ಬೇರೆ.

ಈ ಕೆಂಪು ನೀರು ಬಸಿರು ನೋಡುವ ಪಟ್ಟಿಗಳಿಗೆ ಹೋಗುತ್ತದೆ. ನಮಗೂ ಕಂಡಿತ್ತಲ್ಲ, ಆ ಎರಡು ಗೆರೆ. ಅದು ಇದೇ ಚಿನ್ನ.

ಬಸಿರಿನ ಏಳನೇ ತಿಂಗಳಿಗೇ ಎಲ್ಲ ಮುಗಿದ ಮೇಲೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ಪುಣ್ಯಕ್ಕೆ ಇನ್ನೂ ಚಿಕ್ಕದಿತ್ತು." ದೊಡ್ಡದಾಗಿದ್ದರೆ ದುಃಖವೂ ದೊಡ್ಡದಾಗುತ್ತಿತ್ತು ಎಂಬ ಲೆಕ್ಕ. ನೀವೂ ತಲೆ ಆಡಿಸಿದಿರಿ. ನಾನೂ ಆಡಿಸಿದೆ. ಮರುದಿನ ನೀವು ಅಂಗಡಿ ತೆರೆದಿರಿ. ಆಮೇಲೆ ಒಂದೇ ಮನೆಯಲ್ಲಿ ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆವು. ಒಂದು ಜಗಳವಾಗಿದ್ದರೂ ಚೆನ್ನಾಗಿತ್ತು. ಲ್ಯಾಬಿನ ಹತ್ತಿರ ರೂಮು ಮಾಡುತ್ತೇನೆ ಅಂದಾಗ ನೀವು ನನ್ನ ಪೆಟ್ಟಿಗೆಯನ್ನು ಬಾಗಿಲವರೆಗೆ ಎತ್ತಿ ತಂದುಕೊಟ್ಟಿರಿ.

ಅತ್ತೆ ಫೋನ್ ಮಾಡಿದ ಮರುದಿನ ಉಂಗುರವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಲ್ಯಾಬಿಗೆ ಹೋದೆ. ನೀವು ಅದಕ್ಕೆ ತಾಮ್ರ ಬೆರೆಸಿರಲಿಲ್ಲ, ಮಗುವಿನ ಚರ್ಮಕ್ಕೆ ಒಗ್ಗುವುದಿಲ್ಲ ಎಂದಿದ್ದಿರಿ. ಅದರಿಂದ ನನ್ನ ಕೆಲಸ ಸುಲಭವಾಯಿತು. ದ್ರಾವಕಕ್ಕೆ ಹಾಕಿದೆ. ಸಣ್ಣ ಗುಳ್ಳೆಗಳೆದ್ದವು. ಉಂಗುರ ತೆಳ್ಳಗಾಯಿತು, ಒಂದು ಕಡೆ ತುಂಡಾಯಿತು, ಇಲ್ಲವಾಯಿತು. ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಗಾಜಿನ ಬೇರೆ ಪಾತ್ರೆಗಳನ್ನು ತೊಳೆದಿಟ್ಟೆ.

ಕುದಿಸುವಾಗ ನಮ್ಮ ಮುಖ್ಯಸ್ಥೆ ಬಂದರು. ಅವರನ್ನು ನಾವು ಬೆನ್ನ ಹಿಂದೆ ಗಡಿಯಾರಮ್ಮ ಎನ್ನುತ್ತೇವೆ. ಒಂದು ನಿಮಿಷ ತಡವಾದರೂ ಬಿಡುವವರಲ್ಲ.

"ಯಾವ ಬ್ಯಾಚ್ ಇದು?" ಅಂದರು.

"ನಮ್ಮನೇದು ಮೇಡಂ" ಅಂದೆ.

ಅವರು ಪಕ್ಕದಲ್ಲಿದ್ದ ಖಾಲಿ ಕರ್ಚೀಫನ್ನು ನೋಡಿದರು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೆ. ಅವರು ಸ್ಟೂಲು ಎಳೆದುಕೊಂಡು ಕುಳಿತು, "ಕಲಕೋದು ನಿಲ್ಲಿಸ್ಬೇಡ, ಕಣ ದಪ್ಪ ಆಗ್ಬಿಡತ್ತೆ" ಅಂದರು. ಬಣ್ಣ ಬರುವವರೆಗೂ ಎದ್ದು ಹೋಗಲಿಲ್ಲ.

ಅಷ್ಟು ಪುಟ್ಟ ಉಂಗುರದಿಂದ ಆರು ದೊಡ್ಡ ಬಾಟಲಿ ತುಂಬಿತು. ನನಗೂ ನಂಬಿಕೆಯಾಗಲಿಲ್ಲ. ಒಂದು ಬೆರಳಿಗೆಂದು ಮಾಡಿದ್ದು ನನ್ನ ರೂಮಿನ ಕಪಾಟಿನಲ್ಲಿ ಒಂದು ಸಾಲನ್ನೇ ಹಿಡಿದಿದೆ.

ಯಾಕೆ ಹೀಗೆ ಮಾಡಿದೆ ಎಂದು ಕೇಳಬಹುದು. ಬೇರೆ ಯಾರದೋ ಕಿವಿಯೋಲೆಯಲ್ಲಿ ಅದು ಸೇರಿಹೋಗುವುದು ಬೇಡವಾಗಿತ್ತು. ಅಷ್ಟೇ ಗೊತ್ತು.

ನಿಮ್ಮ ತಂಗಿಯ ಕೈಯಲ್ಲಿ ಮೂರು ಬಾಟಲಿ ಕಳಿಸುತ್ತಿದ್ದೇನೆ. ಮೂರು ನನಗಿರಲಿ. ಫ್ರಿಜ್ಜಿನ ಮಂಜಿನ ಖಾನೆಯಲ್ಲಿಡಬೇಡಿ, ಕೆಡುತ್ತದೆ. ಚಿನ್ನವಾಗಿಯೇ ಬೇಕೆಂದರೆ ಒಂದು ಹಿಡಿ ಅಡುಗೆ ಉಪ್ಪು ಹಾಕಿ. ಕಣಗಳು ಒಂದಕ್ಕೊಂದು ಅಂಟಿಕೊಂಡು, ನೀರು ನೀಲಿಯಾಗಿ, ತಳದಲ್ಲಿ ಕಪ್ಪು ಪುಡಿ ಕೂರುತ್ತದೆ. ಸೋಸಿ ಕರಗಿಸಿದರೆ ಹಳದಿ ಬರುತ್ತದೆ. ಅದು ನಿಮ್ಮ ಕಸುಬು, ನಾನು ಹೇಳಿಕೊಡಬೇಕಿಲ್ಲ. ಹಾಗೆ ಮಾಡಿದರೂ ಯಾಕೆ ಎಂದು ಕೇಳುವುದಿಲ್ಲ.

ಬಿಡುವು ಮುಗಿಯಿತು. ಅತ್ತೆಗೆ ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟಿದ್ದು.

ಇಂತಿ,
ಇನ್ನೂ ನಿಮ್ಮ ಮನೆಯವಳೇ ಆದ
ನಾನು

ಮರೆತ ಮಾತು: ಆಸ್ಪತ್ರೆಯಲ್ಲಿ ಮಗುವಿನ ಮುಖ ನೋಡಲು ನರ್ಸ್ ಕರೆದಾಗ ನೀವು "ನನ್ನಿಂದಾಗಲ್ಲ" ಎಂದು ಹೊರಗೇ ನಿಂತಿರಿ. ನಾನೂ ನೋಡಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ನೋಡಿದ್ದೆ. ಬೆಳಕು ಹರಿಯುವವರೆಗೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹಣೆ ನಿಮ್ಮದು. ಹುಬ್ಬಿನ ನಡುವಿನ ಆ ಸುಳಿ ಕೂಡ. ಇನ್ನೂ ಹೇಳುವುದಿದೆ, ಕಾಗದದಲ್ಲಿ ಆಗುತ್ತಿಲ್ಲ. ಭಾನುವಾರ ರೂಮಿನಲ್ಲೇ ಇರುತ್ತೇನೆ.